ಕವಿಯ ಹೊಟ್ಟೆನೋವು, ಗ್ರೆಗರಿಯ ಕೈಬರಹ

ನನ್ನ ಗೊಂಚಲಿನಲ್ಲಿ ಒಟ್ಟು ಆರು ಬೀಗದಕೈಗಳಿವೆ. ಐದಕ್ಕೆ ದಿನನಿತ್ಯದ ದುಡಿಮೆ ಉಂಟು. ಆರನೆಯದು ಮಾತ್ರ ಕಿರುಬೆರಳಿನಷ್ಟೂ ಉದ್ದವಿಲ್ಲದ, ಬಣ್ಣ ಮಾಸಿದ ಹಿತ್ತಾಳೆಯ ಜೀವ. ವಾರಕ್ಕೊಮ್ಮೆ ಕೆಲಸಕ್ಕೆ ಹಾಜರಾಗಿ, ಹೆಚ್ಚಿನ ವಾರಗಳಲ್ಲಿ ಏನನ್ನೂ ಸಾಧಿಸದೆ ಗಂಭೀರವಾಗಿ ಜೇಬಿಗೆ ಮರಳುವ ಹಿರಿಯ ನೌಕರ. ಮಸ್ಕತ್ತಿನ ಅಂಚಿನ ರುಸೈಲಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಾನೂ ಅಂಥದೇ ಹಿರಿಯ ನೌಕರನಾದ್ದರಿಂದ ಅದರ ಮೇಲೆ ನನಗೆ ಸಹಾನುಭೂತಿ ತುಸು ಜಾಸ್ತಿ. ಅದು ನನ್ನ ಅಂಚೆಪೆಟ್ಟಿಗೆಯ ಬೀಗದಕೈ. ನಾನು ಮಸ್ಕತ್ತಿಗೆ ಬಂದ ಕಾಲದಲ್ಲಿ ಇಲ್ಲಿ ಮನೆಬಾಗಿಲಿಗೆ ಬಂದು ಸೈಕಲ್ಲಿನ ಗಂಟೆ ಬಾರಿಸುವ ಅಂಚೆಯವನಿರಲಿಲ್ಲ. ಅಂಚೆ ಕಚೇರಿಯ ಗೋಡೆಯಲ್ಲಿ ಸಾಲುಸಾಲಾಗಿ ಪುಟ್ಟ ಕಬ್ಬಿಣದ ಕದಗಳು, ಒಂದೊಂದು ಕದಕ್ಕೆ ಒಂದೊಂದು ಸಂಖ್ಯೆ, ಆ ಸಂಖ್ಯೆಯೇ ನಮ್ಮ ವಿಳಾಸ. ಊರಿನಿಂದ ಬರುವ ಹುಟ್ಟು, ಮದುವೆ, ಮುನಿಸುಗಳೆಲ್ಲ ಆ ಕತ್ತಲ ಗೂಡಿನಲ್ಲಿ ಬಂದು ಕೂತು ನಮಗಾಗಿ ಕಾಯುತ್ತಿದ್ದವು.

ಈಗ ಅಲ್ಲಿ ಕಾಯುವುದು ಹೆಚ್ಚಾಗಿ ಪೀಠೋಪಕರಣದ ಮಳಿಗೆಗಳ ಜಾಹೀರಾತು. ಪೆಟ್ಟಿಗೆಯನ್ನು ನವೀಕರಿಸುವ ಸಮಯ ಬಂದಾಗಲೆಲ್ಲ ನನ್ನ ಹೆಂಡತಿ ಸುಗಂಧಿ, "ಎಂತಕ್ಕೆ ಮಾರಾಯ್ರೆ ಅದು? ಅದರೊಳಗೆ ಹಲ್ಲಿ ಸಹ ಮೊಟ್ಟೆ ಇಡ್ಲಿಕ್ಕಿಲ್ಲ" ಎನ್ನುತ್ತಾಳೆ. ಫಿಸಿಯೊಥೆರಪಿಸ್ಟ್ ಆಗಿರುವ ಮಗಳು ದೀಕ್ಷಾ ಫೋನಿನಿಂದ ಕಣ್ಣೆತ್ತದೆ "ಪಪ್ಪಾ, ಜಸ್ಟ್ ಕ್ಲೋಸ್ ಇಟ್" ಎಂದು ತೀರ್ಪು ಕೊಡುತ್ತಾಳೆ. ಬಹುಮತ ಯಾವತ್ತೂ ಅವರದೇ. ಆದರೂ ನಾನು ಪ್ರತಿವರ್ಷ ಕಳ್ಳನಂತೆ ಹೋಗಿ ನವೀಕರಿಸಿಕೊಂಡು ಬರುತ್ತಿದ್ದುದಕ್ಕೆ ಒಂದೇ ಕಾರಣವಿತ್ತು. ಈ ಜಗತ್ತಿನಲ್ಲಿ ನನಗೆ ಕಾಗದ ಬರೆಯುವ ಒಬ್ಬ ಮನುಷ್ಯ ಇನ್ನೂ ಉಳಿದಿದ್ದ. ಅವನು ಇಬ್ರಾದ ಗ್ರೆಗರಿ.

ಗ್ರೆಗರಿ ಮತ್ತು ನಾನು ಮೂವತ್ತೆರಡು ವರ್ಷಗಳ ಹಿಂದೆ ಮಸ್ಕತ್ತಿನ ವಾದಿ ಅದಾಯ್‌ನ ಒಂದು ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಮೇಲೆ ಕೆಳಗೆ ಮಲಗಿದವರು. ಮೇಲಿನ ಮಂಚ ಅವನದು, ಕೆಳಗಿನದು ನನ್ನದು, ಅವನ ಜಪಮಾಲೆ ಜಾರಿ ಬಿದ್ದರೆ ನೇರ ನನ್ನ ಮೂಗಿನ ಮೇಲೆ. ನಾನು ಕಟಪಾಡಿಯ ಕಡೆಯವನು, ಅವನು ಕಲ್ಯಾಣಪುರದ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತ. ನಮ್ಮಿಬ್ಬರ ಬಾಯಿಯ ಭಾಷೆ ತುಳು, ಕಾಗದದ ಭಾಷೆ ಕನ್ನಡ. ಆ ವಿಭಜನೆಯನ್ನು ನಾವು ಚರ್ಚಿಸದೆ ಒಪ್ಪಿಕೊಂಡು ಇವತ್ತಿನವರೆಗೂ ಪಾಲಿಸಿದ್ದೇವೆ. ಒಂದೇ ವರ್ಷದಲ್ಲಿ ಅವನಿಗೆ ಇಬ್ರಾದ ಪೇಟೆಯಲ್ಲಿ ಒಂದು ದೊಡ್ಡ ಅಂಗಡಿಯ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದ್ದು ಅವನ ಕೈಬರಹ ನೋಡಿ. ಅಕ್ಷರಗಳೆಂದರೆ ಅಕ್ಷರಗಳು! ಅವನು ಬರೆದ 'ಕ'ಕಾರವನ್ನು ಹಣೆಗೆ ಬೊಟ್ಟಿನ ಹಾಗೆ ಇಟ್ಟುಕೊಳ್ಳಬಹುದು ಎಂದು ಸುಗಂಧಿ ಮದುವೆಯಾದ ಹೊಸತರಲ್ಲಿ ಹೇಳಿದ್ದಳು, ನನಗೆ ಸಣ್ಣದಾಗಿ ಹೊಟ್ಟೆ ಉರಿದಿತ್ತು. ಅಂಗಡಿಯ ಯಜಮಾನ, ಅಂದರೆ ಅವನಿಗೆ ವೀಸಾ ಕೊಟ್ಟ ಕಫೀಲ್, ಇಂಗ್ಲಿಷ್ ಬರೆಯುತ್ತಿದ್ದ ಆ ಕೈಗೆ ಅರಬ್ಬಿ ಅಕ್ಷರಗಳನ್ನೂ ಕಲಿಸಿ, ಅಂಗಡಿಯ ಪ್ರತಿ ಸಾಮಾನಿನ ಮೇಲಿನ ಚೀಟಿಯನ್ನು ಅವನಿಂದಲೇ ಬರೆಸಿದ. ಮಸ್ಕತ್ತಿನಿಂದ ಇಬ್ರಾ ಎರಡು ಗಂಟೆಯ ದಾರಿಯೂ ಅಲ್ಲ. ಆದರೆ ಆಗ ನಮ್ಮ ಕೋಣೆಯಲ್ಲಿ ಫೋನಿರಲಿಲ್ಲ, ಕಾಗದ ಬರೆಯುತ್ತಿದ್ದೆವು. ಫೋನು ಬಂದ ಮೇಲೆ ಅಭ್ಯಾಸ ಬಿಡಲಿಲ್ಲ.

ಇನ್ನು ಆ ಕಾಗದಗಳಲ್ಲಿ ಇರುತ್ತಿದ್ದುದೇನು ಎಂದು ನೀವು ಕೇಳಿದರೆ ನಾನು ನಾಚಿಕೊಳ್ಳಬೇಕು. "ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ" ಎಂಬ ತಲೆಬರಹ, ನಡುವೆ ಊರಿನ ಮಳೆಬೆಳೆಯ ಗಾಳಿಸುದ್ದಿ, ಕೊನೆಗೆ ಮತ್ತೆ ಕ್ಷೇಮ. ಗಲ್ಫಿನಲ್ಲಿ ಬದುಕಿದ ನಮ್ಮ ಕಡೆಯವರಿಗೆಲ್ಲ ಇದೊಂದು ಅಲಿಖಿತ ಸಂವಿಧಾನ: ಕೆಟ್ಟ ಸುದ್ದಿಯನ್ನು ಕಾಗದದಲ್ಲಿ ಬರೆಯಕೂಡದು. ಊರಿನಿಂದ ಬರೆಯುವವರೂ ಬರೆಯುತ್ತಿರಲಿಲ್ಲ, ಇಲ್ಲಿಂದ ನಾವೂ ಬರೆಯುತ್ತಿರಲಿಲ್ಲ. ದೂರದಲ್ಲಿರುವವನು ಓದಿ ಮಾಡುವುದಾದರೂ ಏನು, ರಜೆ ಸಿಗದೆ ಒದ್ದಾಡುವುದು ತಾನೆ? ಹಾಗಾಗಿ ನಮ್ಮ ತಂದೆಗೆ ಲಕ್ವ ಹೊಡೆದದ್ದು ನನಗೆ ತಿಳಿದದ್ದು ಅವರು ಚೇತರಿಸಿಕೊಂಡು ಗದ್ದೆಗೆ ಇಳಿದ ಮೇಲೆ. ಕಾರ್ಖಾನೆಯಲ್ಲಿ ನನ್ನ ಕಾಲಿನ ಮೂಳೆ ಮುರಿದದ್ದು ಅವರಿಗೆ ತಿಳಿಯಲೇ ಇಲ್ಲ. ಇಡೀ ಒಂದು ತಲೆಮಾರು ಹೀಗೆ ಪರಸ್ಪರ ಕ್ಷೇಮವನ್ನು ರವಾನಿಸುತ್ತ, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ, ಪ್ರೀತಿಯಿಂದ ಬಾಳಿತು. ಆ ಪ್ರೀತಿಯ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ.

ಇಂಥ ಸುಭದ್ರ ಸಂವಿಧಾನಕ್ಕೆ ತಿದ್ದುಪಡಿ ತರಲು ಅಮೆರಿಕದಿಂದ ಒಬ್ಬ ಕವಿ ಬರಬೇಕಾಯಿತು.

ನಮ್ಮ ಕಟ್ಟಡದಲ್ಲಿ ಹತ್ತು ವರ್ಷ ಇದ್ದ ಒಬ್ಬ ಮೇಷ್ಟರು ತಮ್ಮ ದೇಶಕ್ಕೆ ಹಿಂದಿರುಗುವಾಗ ಬೇಕಾದವರು ಒಯ್ಯಲಿ ಎಂದು ಲಿಫ್ಟಿನ ಪಕ್ಕ ಪುಸ್ತಕಗಳ ರಾಶಿ ಹಾಕಿದ್ದರು. ಒಳ್ಳೆಯವೆಲ್ಲ ಮುಗಿದ ಮೇಲೆ ನಾನು ಹೋದದ್ದರಿಂದ ನನ್ನ ಪಾಲಿಗೆ ಸಿಕ್ಕಿದ್ದು ಹೊದಿಕೆಯೂ ಮೊದಲ ಹಾಳೆಗಳೂ ಇಲ್ಲದ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಕವಿಯೊಬ್ಬ ತನ್ನ ಇಳಿವಯಸ್ಸಿನಲ್ಲಿ ಸ್ನೇಹಿತರಿಗೆ ಬರೆದ ಪತ್ರಗಳು ಅದರಲ್ಲಿದ್ದವು. ಕವಿಯ ಹೆಸರು ನನಗೆ ನಡುವಿನ ಪುಟಗಳಲ್ಲಿ ತಿಳಿಯಿತು, ಆದರೆ ನಿಮಗೆ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಪ್ರಾಧ್ಯಾಪಕರು ಆತನ ಕಾವ್ಯದ ಬಗ್ಗೆ ನನ್ನ ಅಭಿಪ್ರಾಯ ಕೇಳಿಯಾರು, ನಾನು ಆತನ ಒಂದು ಸಾಲನ್ನೂ ಓದಿಲ್ಲ. ಆತನ ಹೊಟ್ಟೆಯ ಬಗ್ಗೆ ಕೇಳಿ, ಅಧಿಕಾರವಾಣಿಯಿಂದ ಮಾತಾಡಬಲ್ಲೆ.

ಏಕೆಂದರೆ ಆ ಪುಣ್ಯಾತ್ಮ ಬರೆದದ್ದೆಲ್ಲ ಅದನ್ನೇ. ದೇಹದ ಒಂದು ಭಾಗ ಸ್ವಾಧೀನ ತಪ್ಪಿ, ಒಂದು ಸಣ್ಣ ಊರಿನ ಸಣ್ಣ ಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತ ಮುದುಕ; ದೇಶದೇಶಗಳಲ್ಲಿ ಕೀರ್ತಿ. ಅಂಥವನು ಗೆಳೆಯರಿಗೆ ಕಾವ್ಯಮೀಮಾಂಸೆ ಬರೆಯುತ್ತಾನೆಂದು ನೀವು ಎಣಿಸುತ್ತೀರಿ. ಅವನೋ, ಇವತ್ತು ತಲೆ ಭಾರ, ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ತಿಂದದ್ದು ಇಷ್ಟು, ಹೊಟ್ಟೆ ಕೆಟ್ಟಿದೆ, ಹೊರಗೆ ಮೋಡ, ಯಾರೋ ಹಣ್ಣು ತಂದುಕೊಟ್ಟರು, ನಿನ್ನ ಕಾಗದ ಬಂತು, ಖುಷಿಯಾಯಿತು ಎಂದು ನಾಲ್ಕು ಸಾಲು ಗೀಚಿ ಸಹಿ ಹಾಕುತ್ತಾನೆ. ಮೊದಲ ಐವತ್ತು ಪುಟ ಓದುವಾಗ ನನಗೆ ನಗು ಬಂತು, ಆಮೇಲಿನ ಐವತ್ತಕ್ಕೆ ಆಕಳಿಕೆ, ಅದಾದ ಮೇಲೆ ಪುಸ್ತಕ ಬಿಡಲಾಗಲಿಲ್ಲ. ಅವನ ಗೆಳೆಯರಿಗೆ ಅವನ ಪ್ರತಿದಿನದ ದೇಹ ಗೊತ್ತಿತ್ತು. ಅದಕ್ಕೇ ಒಬ್ಬ ಹಣ್ಣು ತರುತ್ತಿದ್ದ, ಇನ್ನೊಬ್ಬ ಬಂದು ಸುಮ್ಮನೆ ಪಕ್ಕದಲ್ಲಿ ಕೂತು ಹೋಗುತ್ತಿದ್ದ, ಮತ್ತೊಬ್ಬಳು ಕಡಲಾಚೆಯಿಂದ ತನ್ನ ತಲೆನೋವನ್ನೂ ಬರೆದು ಕಳಿಸುತ್ತಿದ್ದಳು. ಪುಸ್ತಕದ ನಡುವೆ ಅವನ ಕೈಯ ಒಂದು ಪತ್ರದ ಪಡಿಯಚ್ಚು ಕೂಡ ಇತ್ತು. ಸಾಲುಗಳು ಬಲಕ್ಕೆ ಹೋಗುತ್ತ ಕೆಳಗೆ ಜಾರಿ, ಅಕ್ಷರಗಳು ನಡುಗಿ, ಶಾಯಿ ಅಲ್ಲಲ್ಲಿ ಹರಡಿತ್ತು. ಆ ಪುಟವನ್ನು ನಾನು ದೀಪದ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೆಂದರೆ, ಯಾವ ದೇಶದ ಯಾರ ಮುದುಕನೋ, ನನ್ನ ಕಣ್ಣು ಮಂಜಾಯಿತು.

ಅದೇ ದಿನಗಳಲ್ಲಿ ಗ್ರೆಗರಿಯ ಕಾಗದಗಳು ಕುಗ್ಗುತ್ತಿದ್ದವು. ಮೊದಲೆಲ್ಲ ಎರಡು ಹಾಳೆ ತುಂಬ ಬರೆಯುತ್ತಿದ್ದವನು ಒಂದು ಹಾಳೆಗೆ ಇಳಿದ, ಆಮೇಲೆ ಅರ್ಧಕ್ಕೆ, ಆಮೇಲೆ ನಾಲ್ಕು ಸಾಲಿಗೆ. ಅಕ್ಷರಗಳೂ ಎಷ್ಟು ಸಣ್ಣವಾದವೆಂದರೆ ಸಾಲಿನ ಆರಂಭದಲ್ಲಿ ಸಾಸಿವೆಯಷ್ಟಿದ್ದದ್ದು ಕೊನೆಗೆ ಕಾಣದ ಹಾಗಾಗುತ್ತಿತ್ತು. ನಾನು ರಸಿಕನಲ್ಲವೇ? "ಇಬ್ರಾದಲ್ಲಿ ಶಾಯಿಗೆ ಬರಗಾಲ ಬಂದಿದೆಯೇ ಮಾರಾಯ, ಇಲ್ಲಿಂದ ಒಂದು ಬಾಟ್ಲಿ ಕಳಿಸಲೇ?" ಎಂದು ಬರೆದು, ನನ್ನ ವಾಕ್ಚಾತುರ್ಯವನ್ನು ನಾನೇ ಮೆಚ್ಚಿಕೊಂಡೆ. ಉತ್ತರದಲ್ಲಿ ಎರಡೇ ಸಾಲಿತ್ತು, ಇತ್ತ ಕ್ಷೇಮ ಎಂಬುದೂ ಸೇರಿ. ಫೋನು ಮಾಡಿದರೆ "ಎಂತ ಇಲ್ಲ ವಾಸಣ್ಣ, ಆರಾಮ್" ಎಂದು ಇಟ್ಟುಬಿಡುತ್ತಿದ್ದ. ಈ ವರ್ಷದ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆಂದು ಅವನು ಮೊದಲೇ ಹೇಳಿದ್ದ. ಹೋಗುವವನು ನನ್ನಿಂದ ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತಿದ್ದಾನೆಯೇ, ನಾನೇನಾದರೂ ತಪ್ಪು ಮಾಡಿದೆನೇ, ಅಥವಾ ಅವನಿಗೇ ಏನಾದರೂ ಆಗಿದೆಯೇ? ಮೂರರಲ್ಲಿ ಯಾವುದೆಂದು ತಿಳಿಯದೆ, ಮೂವತ್ತೆರಡು ವರ್ಷದ ಗೆಳೆಯ ಕ್ಷೇಮ ಎಂಬ ಒಂದು ಶಬ್ದವನ್ನಷ್ಟೇ ನನ್ನ ಕೈಯಲ್ಲಿಟ್ಟು ವಿಮಾನ ಹತ್ತುತ್ತಾನೆಂಬ ಭಯ ಶುರುವಾಯಿತು.

ಕವಿಯ ಮಾರ್ಗ ಹಿಡಿಯೋಣವೆನಿಸಿತು. ನನ್ನ ದೇಹದ ಬಾಗಿಲನ್ನು ನಾನು ಮೊದಲು ತೆರೆದರೆ ಅವನೂ ತನ್ನದನ್ನು ತೆರೆದಾನು ಎಂದು ಲೆಕ್ಕ ಹಾಕಿ ಒಂದು ಸಂಜೆ ಕೂತು ಬರೆದೆ. ತಲೆಬರಹದ ಕ್ಷೇಮವನ್ನು ಬೇಕೆಂದೇ ಬಿಟ್ಟೆ. ಮೊಣಕಾಲು ಮಡಚುವುದಿಲ್ಲ, ಮೆಟ್ಟಿಲು ಹತ್ತಿದರೆ ಉಸಿರು ಸಾಲುವುದಿಲ್ಲ, ನಿದ್ದೆ ಎರಡು ಗಂಟೆಗೆ ಒಡೆಯುತ್ತದೆ, ಎದೆಯ ಎಡಗಡೆ ಏನೋ ಹಿಡಿದ ಹಾಗಾಗುತ್ತದೆ, ಬಹುಶಃ ಗ್ಯಾಸು, ಎಂದು ಯಾವುದನ್ನೂ ಬಿಡದೆ ಬರೆದೆ. ಕವಿ ತಾನು ಸತ್ತ ಮೇಲೆ ತನ್ನ ಕಾಗದಪತ್ರಗಳು ಯಾರಿಗೆ ಸೇರಬೇಕೆಂದೂ ಗೆಳೆಯರಿಗೆ ಬರೆದಿದ್ದ, ನಾನೇನು ಕಡಿಮೆ? ನಿನ್ನ ಅಷ್ಟೂ ಕಾಗದಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದೇನೆ, ನನ್ನ ನಂತರ ಅದು ನಿನಗೇ ಸೇರಬೇಕು, ಒಮ್ಮೆ ನಿನ್ನ ಮುಖ ನೋಡಬೇಕೆನಿಸುತ್ತಿದೆ ಎಂದು ಮುಗಿಸಿದೆ. ಓದಿ ನೋಡಿದಾಗ ನನಗೇ ಸೊಗಸಾಗಿ ಕಂಡಿತು. ಮರುದಿನ ಅಂಚೆಗೆ ಹಾಕಿದೆ.

ಆ ವಾರದ ಶುಕ್ರವಾರ ಬೆಳಗ್ಗೆ ನಾನು ಮನೆಯಲ್ಲಿ ಬನಿಯನ್-ಲುಂಗಿಯಲ್ಲಿ ಕೂತು ಸುಗಂಧಿ ಕರಿದ ಬನ್ಸನ್ನು ಕಾಯಿಚಟ್ನಿಯಲ್ಲಿ ಅದ್ದುತ್ತಿದ್ದೆ. ಬಾಗಿಲ ಗಂಟೆ ಹೊಡೆಯಿತು. ಅರ್ಧ ಬನ್ಸನ್ನು ಬಾಯಲ್ಲಿಟ್ಟುಕೊಂಡೇ ಬಾಗಿಲು ತೆರೆದರೆ ಗ್ರೆಗರಿ. ಇಗರ್ಜಿಗೂ ಸಾವಿನ ಮನೆಗೂ ಮಾತ್ರ ಹಾಕುವ ಕಪ್ಪು ಬೂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗೈಯಲ್ಲಿ ಖರ್ಜೂರದ ಪೆಟ್ಟಿಗೆ, ಜೇಬಿನಿಂದ ಇಣುಕುವ ಒಂದು ಮೇಣದ ಬತ್ತಿ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ನನ್ನ ಬಾಯಿಯನ್ನು ನೋಡಿದ. ತುಳುವಿನಲ್ಲಿ ಅವನು ಅಂದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ, ಖಾರ ಸ್ವಲ್ಪ ಕಡಿಮೆಯಾದೀತು: "ತಿನ್ನಿ ವಾಸಣ್ಣ, ತಿನ್ನಿ. ಬನ್ಸ್ ತಿನ್ನುವ ಹೆಣ ನಾನು ಇವತ್ತೇ ನೋಡುದು."

ಆದದ್ದಿಷ್ಟು. ಕ್ಷೇಮವಿಲ್ಲದ ಕಾಗದವನ್ನು ಗ್ರೆಗರಿ ಜೀವಮಾನದಲ್ಲಿ ಕಂಡವನಲ್ಲ. ನಮ್ಮವರು ಒಂದು ಕಾಯಿಲೆಯನ್ನು ಬರೆದರೆ ಹತ್ತನ್ನು ಮುಚ್ಚಿಟ್ಟಿರುತ್ತಾರೆ. ನಾಲ್ಕು ಕಾಯಿಲೆ ಬರೆದವನು, ಮೇಲಿಂದ ಡಬ್ಬ ಹಂಚಿದವನು, ಇನ್ನು ಎಷ್ಟು ದಿನದವನು? ಆದರೂ ಖಚಿತಪಡಿಸಿಕೊಳ್ಳಲು ಮನೆಗೆ ಫೋನು ಮಾಡಿದ್ದಾನೆ. ಅದು ಗುರುವಾರದ ಮಧ್ಯಾಹ್ನ, ನಾನು ರಜೆ ಹಾಕಿ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದ ಸಮಯ. ಸುಗಂಧಿ, "ಆರಾಮ್ ಇದ್ದಾರೆ ಪೊರ್ಬುಲೇ, ಮಲಗಿದ್ದಾರೆ. ಎಬ್ಬಿಸುದಾ?" ಎಂದಿದ್ದಾಳೆ. ಪೊರ್ಬು ಎನ್ನುವುದು ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ರೀತಿ. ಪೊರ್ಬುಗಳಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಮನೆಯವರೇ ಆರಾಮ್ ಅನ್ನುತ್ತಿದ್ದಾರೆಂದರೆ ಮುಗಿಯಿತು. ಕಫೀಲನಿಗೆ ಹೋಗಿ, ಮಸ್ಕತ್ತಿನಲ್ಲಿ ನನ್ನ ಅಣ್ಣ ಖಲಾಸ್ ಆಗುವ ಹಾಗಿದ್ದಾನೆ ಎಂದು ಹೇಳಿ ಕಣ್ಣೊರೆಸಿಕೊಂಡಿದ್ದಾನೆ. ಆ ವೃದ್ಧರು ತಾವೂ ಕಣ್ಣೊರೆಸಿಕೊಂಡು ನನಗಾಗಿ ಪ್ರಾರ್ಥಿಸಿ, ತಮ್ಮ ತೋಟದ ಖರ್ಜೂರ ಕೊಟ್ಟು ಕಳಿಸಿದ್ದಾರೆ. ಸತ್ತವನಿಗೆ ಬಂದ ಆ ಖರ್ಜೂರವನ್ನು ನಾವು ಎರಡು ವಾರ ತಿಂದೆವು, ಬಹಳ ರುಚಿಯಾಗಿತ್ತು.

ಸುಗಂಧಿ ನಕ್ಕು ನಕ್ಕು ಸುಸ್ತಾಗಿ ಚಹಾ ತಂದಿಟ್ಟಳು. ನಾವೆಲ್ಲ ಕುಡಿದೆವು, ಗ್ರೆಗರಿ ಮುಟ್ಟಲಿಲ್ಲ. ಬಿಸಿಬಿಸಿ ಕುಡಿಯುವವನು ಅವನು, ಚಹಾ ಆರುತ್ತಿದೆ, ಅವನ ಬಲಗೈ ಪ್ಯಾಂಟಿನ ಜೇಬಿನಲ್ಲೇ ಇದೆ. ಪಿಕಪ್ಪನ್ನು ತಾನೇ ಓಡಿಸಿಕೊಂಡು ಬರುತ್ತಿದ್ದವನು ಈ ಸಲ ಬಾಡಿಗೆ ಟ್ಯಾಕ್ಸಿಯಲ್ಲಿ ಇತರರ ಜೊತೆ ಬಂದಿದ್ದ ಎಂಬುದೂ ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ದೀಕ್ಷಾಳಿಗೆ. ಅವಳು ಫೋನನ್ನು ಕೆಳಗಿಟ್ಟು, ನಾನು ಎಂದೂ ಕೇಳದ ಮೆತ್ತಗಿನ ದನಿಯಲ್ಲಿ, "ಅಂಕಲ್, ಶೋ ಮಿ ಯುವರ್ ಹ್ಯಾಂಡ್" ಎಂದಳು.

ಅವನು ಎಡಗೈಯಿಂದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೈಯನ್ನು ಹೊರತೆಗೆದು ಮೇಜಿನ ಮೇಲಿಟ್ಟ. ಅದು ತನ್ನಷ್ಟಕ್ಕೆ ನಡುಗುತ್ತಿತ್ತು, ಹೆಬ್ಬೆರಳು ತೋರುಬೆರಳಿನ ಮೇಲೆ ಜಪಮಾಲೆಯ ಮಣಿ ಎಣಿಸುವ ಹಾಗೆ. ಒಂದೂವರೆ ವರ್ಷವಾಯಿತಂತೆ. ಡಾಕ್ಟರರು ಉದ್ದದ ಹೆಸರು ಹೇಳಿದ್ದಾರೆ, ಗುಳಿಗೆ ಕೊಟ್ಟಿದ್ದಾರೆ. ಗುಣವಾಗುವಂಥದ್ದಲ್ಲ, ನಿಧಾನ ಮಾಡಬಹುದು ಅಷ್ಟೆ. ಅಂಗಡಿಯ ಚೀಟಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಸಿ ಕಫೀಲನಿಂದಲೂ ಮುಚ್ಚಿಟ್ಟಿದ್ದಾನೆ. ಡಾಕ್ಟರರಿಗೆ ತೋರಿಸಲು ಎರಡು ಸಲ ಮಸ್ಕತ್ತಿಗೆ ಬಂದು, ಮೇಲೆ ಹತ್ತದೆ ನಮ್ಮ ಮನೆಯ ಕೆಳಗಿನ ರಸ್ತೆಯಲ್ಲೇ ಹಿಂದಿರುಗಿ ಹೋಗಿದ್ದಾನೆ.

"ನೀವು ಶಾಯಿಗೆ ಬರಗಾಲವಾ ಅಂತ ಬರೆದದ್ದು ಓದಿ ತುಂಬಾ ನಗಾಡಿದೆ ವಾಸಣ್ಣ," ಎಂದ. "ಮತ್ತೆ ಉತ್ತರ ಬರಿಲಿಕ್ಕೆ ಕೂತರೆ ಅಕ್ಷರ ಇನ್ನೂ ಸಣ್ಣ ಆಯ್ತು. ಎಷ್ಟು ದೊಡ್ಡ ಬರಿಬೇಕಂತ ಮನಸ್ಸು ಮಾಡಿದ್ರೂ ಕೈ ಕೇಳುದಿಲ್ಲ. ಎರಡು ಸಾಲಿಗೆ ಒಂದು ಗಂಟೆ ಬೇಕಾಯ್ತು."

ಓದುಗರೇ, ನನಗೆ ಅಳು ಬಂತು, ಅತ್ತೆ. ಸಿಟ್ಟೂ ಬಂತು, ಅವನ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತೀರಿಕೊಂಡ, ಹೆಸರು ಕೂಡ ನಡುವಿನ ಪುಟದಲ್ಲಿ ತಿಳಿದ ಒಬ್ಬ ಅಪರಿಚಿತನ ನಡುಗುವ ಸಾಲುಗಳನ್ನು ಬೆಳಕಿಗೆ ಹಿಡಿದು ಕರಗಿಹೋದ ಈ ಸಹೃದಯ, ತನ್ನ ಸ್ವಂತ ಅಂಚೆಪೆಟ್ಟಿಗೆಗೆ ತಿಂಗಳು ತಿಂಗಳು ಬಂದು ಬಿದ್ದ ಅಂಥವೇ ಸಾಲುಗಳನ್ನು ಓದಿ ಚೇಷ್ಟೆ ಮಾಡಿದ್ದ. ಗ್ರೆಗರಿ ತನ್ನ ಕಾಗದಗಳಲ್ಲಿ ಕ್ಷೇಮವೆಂದು ಬರೆಯುತ್ತಲೇ, ಆ ಬರೆಯುವ ಕೈಯಿಂದಲೇ ಎಲ್ಲವನ್ನೂ ಹೇಳಿಬಿಟ್ಟಿದ್ದ, ನಾನು ಓದಿರಲಿಲ್ಲ. ಕವಿಯ ಗೆಳೆಯರಿಗೂ ನನಗೂ ಇದ್ದ ವ್ಯತ್ಯಾಸ ಅದು. ಅಂದು ಅವನ ಆರಿದ ಚಹಾವನ್ನು ಸುಗಂಧಿ ಬಿಸಿ ಮಾಡಿ, ದೊಡ್ಡ ಲೋಟಕ್ಕೆ ಅರ್ಧ ಮಾತ್ರ ಸುರಿದು ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ.

ಹೊರಡುವ ಮುಂಚೆ ದೀಕ್ಷಾ ಅವನಿಗೊಂದು ಉಪಾಯ ಹೇಳಿದಳು. ಬಿಳಿ ಹಾಳೆಯಲ್ಲಿ ಬರೆಯಬೇಡಿ ಅಂಕಲ್, ಅಗಲ ಗೆರೆಯ ಹಾಳೆಯಲ್ಲಿ ಬರೆಯಿರಿ. ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ಮುಟ್ಟಬೇಕೆಂದು ಕಣ್ಣು ಹೇಳಿದರೆ ಕೈ ಸ್ವಲ್ಪವಾದರೂ ಕೇಳುತ್ತದೆ ಎಂದಳು, ಮುಕ್ಕಾಲು ಇಂಗ್ಲಿಷಿನಲ್ಲಿ. ನಾನು ಕೂಡಲೇ ಕೆಳಗಿನ ಅಂಗಡಿಗೆ ಹೋಗಿ ಒಂದನೇ ತರಗತಿಯ ಮಕ್ಕಳು ಅಕ್ಷರ ತಿದ್ದುವ ಕಾಪಿ ಪುಸ್ತಕಗಳನ್ನು ಹನ್ನೆರಡು ತಂದೆ. ಎರಡೆರಡು ಲಿಪಿಗಳಲ್ಲಿ ಇಬ್ರಾದ ಪೇಟೆಯನ್ನು ಅಲಂಕರಿಸಿದ ಕೈಗೆ ಅದನ್ನು ಕೊಡುವಾಗ ನನಗೆ ಮುಜುಗರವಾಯಿತು. ಅವನು ಮೊದಲ ಪುಸ್ತಕದ ಹೊದಿಕೆಯಲ್ಲಿ ಹೆಸರು, ತರಗತಿ ಎಂದಿದ್ದಲ್ಲಿ ಬೆರಳಿಟ್ಟು, "ತರಗತಿ ಎಂತ ಬರಿಯುದು ವಾಸಣ್ಣ?" ಎಂದು ಕೇಳಿ ತಾನೇ ನಕ್ಕ.

ವರ್ಷದ ಕೊನೆಗೆ ಅವನು ಹೋದ. ಕಫೀಲನಿಗೆ ಕೈ ತೋರಿಸಿ ಎಲ್ಲ ಹೇಳಿಯೇ ಹೋದ. ಆ ವೃದ್ಧರು ಅವನು ಬರೆದ ಹಳೆಯ ಚೀಟಿಗಳಲ್ಲಿ ಒಂದನ್ನು, ಯಾವುದೋ ಅಕ್ಕಿಯ ಮೂಟೆಯದಂತೆ, ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗಹಾಕಿದ್ದಾರೆ. ಬಿಸ್ಕತ್ತಿನ ಡಬ್ಬವನ್ನು ಅವನ ಜೊತೆ ಕಳಿಸಬೇಕೆಂದಿದ್ದೆ, ಅವನು ಒಪ್ಪಲಿಲ್ಲ. ನೀವು ಸತ್ತ ಮೇಲೆ ಬಂದು ಒಯ್ಯುತ್ತೇನೆ, ಈ ಸಲದ ಹಾಗೆ ಮೋಸ ಮಾಡಬೇಡಿ ಎಂದ.

ಅಂಚೆಪೆಟ್ಟಿಗೆಯ ನವೀಕರಣಕ್ಕೆ ಈ ಬಾರಿ ನಾನು ಕಳ್ಳನಂತೆ ಹೋಗಲಿಲ್ಲ, ಸುಗಂಧಿಯೇ ನೆನಪಿಸಿದಳು. ಆಮೇಲೆ ಏಳು ವಾರ ಜಾಹೀರಾತುಗಳೇ ಬಂದವು. ಮೊನ್ನೆ ಹೋಗಿ ಚಿಕ್ಕ ಬೀಗದಕೈ ತಿರುಗಿಸಿದರೆ ಕದ ಅರ್ಧ ತೆರೆದು ನಿಂತಿತು. ಒಳಗೆ ಒಂದು ದಪ್ಪ ಲಕೋಟೆ ಸಿಕ್ಕಿಕೊಂಡಿತ್ತು. ಎಳೆದು ತೆಗೆದು ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ಕೂತು ಒಡೆದೆ. ಒಂಬತ್ತು ಹಾಳೆ, ಎಲ್ಲ ಕಾಪಿ ಪುಸ್ತಕದಿಂದ ಹರಿದವು. ಒಂದೊಂದರಲ್ಲಿ ಆರೇಳು ಸಾಲು, ಗೆರೆಯಿಂದ ಗೆರೆಗೆ ಕಾಲು ಚಾಚಿ ನಿಂತ, ಹೆಬ್ಬೆರಳಿನಷ್ಟು ದೊಡ್ಡ, ನಡುಗುವ ಅಕ್ಷರಗಳು. ಮೇಲೆ ಕ್ಷೇಮ ಇರಲಿಲ್ಲ. ಇವತ್ತು ಕೈ ಜಾಸ್ತಿ ನಡುಗುತ್ತಿದೆ. ಬೆಳಗ್ಗೆ ಮೂರು ನೀರುದೋಸೆ ತಿಂದೆ. ನಿನ್ನೆ ಅಂಗಿಯ ಗುಂಡಿ ಹಾಕಲು ಆಗದೆ ಅತ್ತೆ, ಇವತ್ತು ಒಂದು ಹಾಕಿದೆ. ಹೀಗೆಯೇ ಒಂಬತ್ತು ಹಾಳೆ. ಕೊನೆಯ ಹಾಳೆಯಲ್ಲಿ ಎರಡೇ ವಾಕ್ಯ: "ನಿಮ್ಮ ಮೊಣಕಾಲು ಹೇಗುಂಟು, ಸರಿಯಾಗಿ ಬರೆಯಿರಿ. ಕ್ಷೇಮ ಎಂದು ಬರೆದರೆ ಮುಂದಿನ ವಿಮಾನಕ್ಕೆ ಕಪ್ಪು ಬೂಟು ಹಾಕಿಕೊಂಡು ಬರುತ್ತೇನೆ."

ನಾನು ಬೀಗದಕೈ ಗೊಂಚಲನ್ನು ಪಕ್ಕಕ್ಕಿಟ್ಟು, ಮೊಣಕಾಲನ್ನು ಒಮ್ಮೆ ಚಾಚಿ, ಒಮ್ಮೆ ಮಡಚಿ, ಒತ್ತಿ ನೋಡಿದೆ. ಚೆನ್ನಾಗಿ ನೋಯುತ್ತಿತ್ತು. ಬರೆಯಲು ವಿಷಯ ಸಿಕ್ಕಿತೆಂದು ಸಂತೋಷವಾಗಿ, ಕಂಬ ಹಿಡಿದುಕೊಂಡು ಮೇಲೆದ್ದೆ.